ಎಣ್ಣೆ ಹಾಕುವ ಮುನ್ನ

ವಾಲ್ಪರೈಸೋದ ಆ ಗುಡ್ಡಕ್ಕೆ
ಎರಡು ಮರದ ಪೆಟ್ಟಿಗೆ, ಒಂದೇ ಉಕ್ಕಿನ ಹಗ್ಗ.
ಇದು ಏರಿದರೆ ಅದು ಇಳಿಯಲೇಬೇಕು.
ನೂರು ವರ್ಷದಿಂದ ಹೀಗೇ,
ಒಂದಕ್ಕೊಂದು ತೂಕದ ಕಲ್ಲಾಗಿ.
ಮೇಲೆ, ಚಕ್ರದ ಕೋಣೆಯಲ್ಲಿ, ಒಂದು ಸ್ಟೂಲು;
ಸ್ಟೂಲಿನ ಮೇಲೆ ದಾಗೋಬರ್ತೊ,
ಬ್ರೇಕಿನ ಮೇಲೆ ಅವನ ಎಡಗೈ,
ಮೂವತ್ತೊಂದು ವರ್ಷದಿಂದ.

ಆ ಚಕ್ರ ಕಿರುಗುಡುತ್ತಿತ್ತು.
ಏತದ ಮರ ನೆನೆಸಿಕೊಳ್ಳಿ,
ಆದರೆ ಏತಕ್ಕೆ ಕಡಲ ನೆಗಡಿ ಹಿಡಿದಿದೆ ಅಂದುಕೊಳ್ಳಿ.
ಮೊದಲೊಂದು ತೇಗು, ಆಮೇಲೆ ಎಳೆದ ಸ್ವರ,
ಷಡ್ಜದ ಹೊಸ್ತಿಲಲ್ಲಿ ಕೂತು
ರಿಷಭಕ್ಕೆ ಕೈಚಾಚಿ, ಸಿಗದೆ,
ಗೊಣಗಿಕೊಂಡು ಹಿಂದಿರುಗುವಂಥದ್ದು.

ಅಕ್ಕನ ಮಗಳು ಯಾಸ್ನಾ, ಹದಿನೇಳು,
ಶಾಲೆ ತಪ್ಪಿಸಿದ ಒಂದು ಮಂಗಳವಾರ
ಚಕ್ರದ ಬಾಯಿಗೆ ಫೋನು ಹಿಡಿದಳು.
ಹತ್ತೊಂಬತ್ತು ಸೆಕೆಂಡು.
ಹೊಸದಾಗಿ ತೆರೆದಿದ್ದ ಯಾವುದೋ ಜಾಲತಾಣ,
ಯಾರು ಬೇಕಾದರೂ ಸದ್ದು ಇಡಬಹುದು,
ಯಾರು ಬೇಕಾದರೂ ಎತ್ತಿಕೊಂಡು
ಮೇಲೊಂದು ಪದರ ಹಾಸಬಹುದು.
ಕಲಾವಿದರ ಹೆಸರು? ಕೇಳಿತು ತಾಣ.
'ಹಗ್ಗ' ಎಂದು ಬರೆದಳು.
ಪ್ರಕಾರ? 'ಇತರೆ'.

ಬೆಳಗಾಗುವುದರೊಳಗೆ
ತಾರ್ತುವಿನ ತ್ರೀನು ಅದರಡಿ ಚೆಲ್ಲೋ ಹಾಸಿದ್ದಳು.
ಶನಿವಾರದ ಹೊತ್ತಿಗೆ ಡಾಕಾರಿನ ಒಬ್ಬ,
ಹೆಸರಿನ ಜಾಗದಲ್ಲಿ ಬರೀ ಮೀನಿನ ಚಿತ್ರ,
ತೇಗಿಗೂ ಸ್ವರಕ್ಕೂ ನಡುವಿನ ಸಂದಿಯಲ್ಲಿ
ಕೋಲಿನಿಂದೊಮ್ಮೆ, ಅಂಗೈಯಿಂದ ಎರಡು ಸಲ ಬಾರಿಸಿದ್ದ.
ಇನ್ಯಾರೋ ಹನ್ನೊಂದು ನಿಮಿಷಕ್ಕೆ ಎಳೆದು
'ತಿಮಿಂಗಿಲ' ಅಂತ ಹೆಸರಿಟ್ಟಿದ್ದರು.

ದುಡ್ಡು ಕೊಡ್ತಾರಾ? ದಾಗೋಬರ್ತೊ ಕೇಳಿದ.
ಇಲ್ಲ ಮಾವ.
ನಗ್ತಾರಾ?
ಇಲ್ಲ.
ಮತ್ತೇನು ಮಾಡ್ತಾರೆ?
ಕೇಳ್ತಾರೆ.

ಅವನೂ ಕೇಳಿದ. ಕಿವಿಗೆ ತಂತಿ ಸಿಕ್ಕಿಸಿಕೊಂಡು,
ಒಂದು ಕಿವಿಯಲ್ಲಿ ಡಾಕಾರು, ಇನ್ನೊಂದರಲ್ಲಿ
ಎದುರಿಗೇ ತಿರುಗುತ್ತಿರುವ ಅಸಲು ಚಕ್ರ.
ಎಲ್ಲಿ ಯಾವುದು ಮುಗಿಯಿತೋ ತಿಳಿಯದೆ
ಬ್ರೇಕು ಅರ್ಧ ಮಾತ್ರೆ ತಡವಾಯಿತು.
ಕೆಳಗಿನ ಬೇಕರಿಯಿಂದ ಬರುತ್ತಿದ್ದ ಹೆರ್ಮಿಂದಾ ಅಜ್ಜಿಯ
ಬ್ರೆಡ್ಡಿನ ಚೀಲ ಮುಗ್ಗರಿಸಿತು.
ಅಜ್ಜಿ ಕೊಟ್ಟ ಬೈಗುಳವೂ ಶ್ರುತಿಬದ್ಧವೇ.

ಮಾರ್ಚಿನಲ್ಲಿ ನಗರಸಭೆಯವರು ಬಂದರು.
ಕಿತ್ತಳೆ ಅಂಗಿ, ಅಳತೆಪಟ್ಟಿ, ಎಂಟು ತಿಂಗಳ ಬೀಗ.
ಹೊಸ ಬೇರಿಂಗು. ಡಬ್ಬಿಗಟ್ಟಲೆ ಗ್ರೀಸು.
ರಿಬ್ಬನ್ ಕತ್ತರಿಸಿ ಮತ್ತೆ ತೆರೆದಾಗ
ಪೆಟ್ಟಿಗೆ ಬೆಣ್ಣೆಯ ಮೇಲಿನ ಚಾಕುವಿನಂತೆ ಹೋಯಿತು.
ಜನ ಚಪ್ಪಾಳೆ ತಟ್ಟಿದರು,
ಆಮೇಲೆ ಯಾಕೋ ಎಲ್ಲರೂ ಸರಳು ಹಿಡಿದುಕೊಂಡರು.
ಅಜ್ಜಿ ಕಣ್ಣು ಮುಚ್ಚಿ ಅಂದಳು:
ಏರ್ತಾ ಇದೀನೋ, ಕೂತಲ್ಲೇ ಕೂತಿದೀನೋ,
ಒಂದೂ ಗೊತ್ತಾಗ್ತಿಲ್ಲ.

ಆ ಎಂಟು ತಿಂಗಳಲ್ಲಿ ತಾಣವೂ ಮುಚ್ಚಿತ್ತು.
ಬಾಡಿಗೆ ಕಟ್ಟಲಾಗಲಿಲ್ಲವಂತೆ, ಒಂದು ಸಾಲಿನ ಕ್ಷಮೆ.
ಯಾಸ್ನಾಳ ಹಳೇ ಫೋನು
ಮೀನುಕಟ್ಟೆಯ ನೀರಿನಡಿ ಏಡಿಗಳ ಪಾಲು.
ಹತ್ತೊಂಬತ್ತು ಸೆಕೆಂಡು ಈಗ
ಬೇರೆಯವರ ಪದರಗಳ ಕೆಳಗೆ ಮಾತ್ರ,
ಸುಣ್ಣದ ಮೇಲೆ ಸುಣ್ಣ ಬಳಿದ ಗೋಡೆಯಲ್ಲಿ
ಮೊದಲಿನ ಬಣ್ಣ ಇರುವ ಹಾಗೆ.

ತಾರ್ತುವಿಗೆ ಬರೆದಳು.
ತ್ರೀನು ತನ್ನ ಚೆಲ್ಲೋ ಕಳಿಸಿದಳು, ಆರು ನಿಮಿಷ.
ಕೊನೆಗೆ ಸ್ವಲ್ಪ ಮೊದಲು ಕಮಾನು ಎತ್ತಿದ್ದಾಳೆ.
ನಾಲ್ಕು ಸೆಕೆಂಡು, ಹಗ್ಗವೊಂದೇ.
'ಅಲ್ಲಿ ಏನು ನುಡಿಸಬೇಕೋ ತೋಚಿರಲಿಲ್ಲ,
ಆಮೇಲೆ ತುಂಬೋಣವೆಂದು ಬಿಟ್ಟಿದ್ದೆ.'

ದಾಗೋಬರ್ತೊ ಆ ನಾಲ್ಕನ್ನು ಕತ್ತರಿಸಿಸಿ,
ಒಂದರ ಹಿಂದೊಂದು ಕಟ್ಟಿಸಿ,
ಬೆಂಚಿನಡಿ ಅಂಗೈಯಗಲದ ಸ್ಪೀಕರು ಜಡಿದ,
ನಗರಸಭೆಗೆ ಹೇಳದೆ.
ಮಂಜು ಕಿಟಕಿ ಒರಸುತ್ತಿದ್ದ ಬೆಳಗು,
ಮಡಿಲಲ್ಲಿ ಬಿಸಿ ಬ್ರೆಡ್ಡು, ಅಜ್ಜಿ ಒಬ್ಬಳೇ.
ಪೆಟ್ಟಿಗೆ ಹೊರಟಿತು. ಸದ್ದೂ ಹೊರಟಿತು.
ತಲೆ ವಾಲಿಸಿ ಕೇಳಿದಳು,
ದಾರಿ ಪೂರ್ತಿ, ಬಾಯಿಬಿಡದೆ.

ಮೇಲೆ ಇಳಿದು, ಚೀಲ ಕಂಕುಳಿಗೆ ಸೇರಿಸಿ,
ಚಕ್ರದ ಕೋಣೆಯ ಬಾಗಿಲಲ್ಲಿ ನಿಂತು ಅಂದಳು:
ಚೆನ್ನಾಗಿದೆ. ಆದರೆ ಇದು ಇಳಿಯುವಾಗಿನದು.
ಏರುವಾಗಿನದು ಬೇರೆ.